ನೆತ್ತರು ಯಾರದು, ಬಾಯಿ ಯಾರದು?
ರಕ್ತಪಿಶಾಚಿಯ ಚಿತ್ರಣಗಳನ್ನು ಕೇರಿಯಿಂದ ಓದುವ ಒಂದು ಪ್ರಯತ್ನ

2014ರ ಡಿಸೆಂಬರ್ 6ರ ರಾತ್ರಿ ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ಜನ ಸೇರಿದ್ದರು. ಆಗ ರಾಜ್ಯದ ಸಚಿವರಾಗಿದ್ದ ಸತೀಶ ಜಾರಕಿಹೊಳಿಯವರು ಅಲ್ಲೇ ಉಂಡು, ಅಲ್ಲೇ ಮಲಗಿ ಬೆಳಗು ಮಾಡಿದರು. ಬಾಬಾಸಾಹೇಬರ ಪರಿನಿರ್ವಾಣದ ದಿನ ಮೌಢ್ಯದ ವಿರುದ್ಧ ಸಂಕಲ್ಪ ಮಾಡಬೇಕು, ಸ್ಮಶಾನದಲ್ಲಿ ದೆವ್ವ ಪಿಶಾಚಿ ಯಾವುದೂ ಇಲ್ಲ ಎಂದು ಜನರಿಗೆ ತೋರಿಸಬೇಕು ಎಂಬುದು ಉದ್ದೇಶ. ಮುಂದಿನ ವರ್ಷಗಳಲ್ಲೂ ಇದು ನಡೆಯಿತು. ಒಳ್ಳೆಯ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸುದ್ದಿಯನ್ನು ಕೇರಿಯಲ್ಲಿ ಕೂತು ಓದಿದರೆ ಇನ್ನೊಂದು ಪ್ರಶ್ನೆ ಏಳುತ್ತದೆ. ‘ಸಾಹೇಬ್ರು ಒಂದ್ ರಾತ್ರಿ ಮಲಗಿದ್ರ ಪೇಪರಿನ್ಯಾಗ ಬಂತು. ಕುಣಿ ತೋಡಾವ್ರು, ಹೆಣಾ ಸುಡಾವ್ರು ದಿನಾ ಅಲ್ಲೇ ಇರ್ತಾರಲ್ರೀ, ಅವ್ರ ಸುದ್ದಿ ಯಾಕ ಬರೂದಿಲ್ಲ?’

ಈ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಇಲ್ಲಿ ರಕ್ತಪಿಶಾಚಿಯ ಬಗ್ಗೆ ಬರೆಯುತ್ತಿದ್ದೇನೆ. ದಲಿತ ವಿಮರ್ಶೆಯ ಸಂಚಿಕೆಗೆ ಇದೆಂಥ ವಿಷಯ ಎಂದು ಕೆಲವರಿಗೆ ಅನ್ನಿಸಬಹುದು. ದೆವ್ವ ಇದೆಯೋ ಇಲ್ಲವೋ ಎಂಬುದು ವಿಚಾರವಾದಿಗಳ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕಾಗಿದೆ. ವಿಮರ್ಶೆ ಕೇಳಬೇಕಾದ ಪ್ರಶ್ನೆ ಬೇರೆ. ಯಾರನ್ನು ದೆವ್ವವಾಗಿ ಚಿತ್ರಿಸಲಾಯಿತು, ಚಿತ್ರಿಸಿದವರು ಯಾರು, ಆ ಚಿತ್ರದಿಂದ ಯಾರಿಗೆ ಲಾಭವಾಯಿತು, ಯಾರ ನೆತ್ತರು ಹರಿಯಿತು?

1

ಮೊದಲು ಯುರೋಪಿನ ಕಥೆ ನೋಡೋಣ. ಇವತ್ತು ವ್ಯಾಂಪೈರ್ ಅಂದಕೂಡಲೆ ನಮ್ಮ ಕಣ್ಣಿಗೆ ಬರುವುದು ಕರಿ ನಿಲುವಂಗಿ, ಬಿಳಿಚಿದ ಮುಖ, ಕೋರೆಹಲ್ಲು, ಹಳೆಯ ಕೋಟೆಯಲ್ಲಿ ಒಂಟಿಯಾಗಿರುವ ದೊರೆ. ಶುರುವಿನಲ್ಲಿ ಅವನು ಹೀಗಿರಲಿಲ್ಲ. 1725ರಲ್ಲಿ ಮತ್ತು 1731-32ರಲ್ಲಿ, ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಸರ್ಬಿಯಾದ ಎರಡು ಹಳ್ಳಿಗಳಿಂದ ಅಧಿಕಾರಿಗಳು ವರದಿ ಕಳಿಸಿದರು. ಸತ್ತವರು ಎದ್ದು ಬಂದು ತಮ್ಮ ಊರಿನವರನ್ನೇ ಕೊಲ್ಲುತ್ತಿದ್ದಾರೆ ಎಂದು ಜನ ಗೋರಿ ಅಗೆದಿದ್ದರು. ಹೆಣ ಊದಿಕೊಂಡು ಕೆಂಪಾಗಿತ್ತು, ಬಾಯಲ್ಲಿ ರಕ್ತವಿತ್ತು, ಉಗುರು ಬೆಳೆದಂತೆ ಕಂಡಿತು. ಎದೆಗೆ ಗೂಟ ಹೊಡೆದು ಸುಟ್ಟರು. ಹೆಣ ಕೊಳೆಯುವಾಗ ಒಳಗೆ ಗಾಳಿ ತುಂಬಿ ಹೊಟ್ಟೆ ಊದುತ್ತದೆ, ಒಳಗಿನ ದ್ರವ ಬಾಯಿಗೆ ಬರುತ್ತದೆ, ಚರ್ಮ ಹಿಂದೆ ಸರಿದು ಉಗುರು ಉದ್ದ ಕಾಣುತ್ತದೆ. ಇದು ಹೆಣ ಹೂಳುವವರಿಗೆ ಎಂದಿನಿಂದಲೂ ಗೊತ್ತಿರುವ ಸಂಗತಿ. ಕೊನೆಗೆ 1755ರಲ್ಲಿ ರಾಣಿ ಮರಿಯಾ ತೆರೇಸಾ ಹೀಗೆ ಹೆಣ ಅಗೆಯುವುದನ್ನು ನಿಷೇಧಿಸಿದಳು.

ಇಲ್ಲಿ ಗಮನಿಸಬೇಕಾದ್ದು, ಮೊದಲ ವ್ಯಾಂಪೈರ್ ಒಬ್ಬ ಬಡ ರೈತ. ದೊರೆಯಲ್ಲ. ರೋಗ ಬಂದು ಸಾಲುಸಾಲಾಗಿ ಸಾಯುತ್ತಿದ್ದ ಹಳ್ಳಿ ತನ್ನ ಭಯಕ್ಕೆ ತನ್ನವನೊಬ್ಬನ ಮುಖ ಕೊಟ್ಟುಕೊಂಡಿತ್ತು. ಅದನ್ನು ಪಟ್ಟಣದ ಪತ್ರಿಕೆಗಳು ಓದಿದವು. ವಾಲ್ಟೇರನಂಥ ವಿಚಾರವಂತ ನಕ್ಕು ಹೇಳಿದ: ಪಟ್ಟಣದಲ್ಲಿ ಹಾಡಹಗಲೇ ಜನರ ರಕ್ತ ಹೀರುವ ದಲ್ಲಾಳಿಗಳನ್ನು, ವ್ಯಾಪಾರಿಗಳನ್ನು ತಾನು ನೋಡಿದ್ದೇನೆ, ಆದರೆ ಅವರು ಸತ್ತವರಲ್ಲ ಎಂಬ ಅರ್ಥದಲ್ಲಿ.

1819ರಲ್ಲಿ ಕವಿ ಬೈರನ್ನನ ವೈದ್ಯನಾಗಿದ್ದ ಜಾನ್ ಪಾಲಿಡೋರಿ ಬರೆದ ಕಥೆಯಲ್ಲಿ ವ್ಯಾಂಪೈರ್ ಮೊದಲ ಸಲ ಶ್ರೀಮಂತ ಲಾರ್ಡ್ ಆಗಿ ಇಂಗ್ಲಿಷಿಗೆ ಬಂದ. ಹಳ್ಳಿಯ ಹೆಣ ಅರಮನೆಗೆ ಹೋಯಿತು ಅನ್ನಿ. ಕೈಗಾರಿಕೆಗಳು ಬೆಳೆಯುತ್ತಿದ್ದ ಆ ಶತಮಾನದಲ್ಲಿ ಈ ಚಿತ್ರ ಜನರಿಗೆ ಸರಿಯೆನ್ನಿಸಿತು. 1867ರ ‘ಬಂಡವಾಳ’ ಗ್ರಂಥದಲ್ಲಿ ಮಾರ್ಕ್ಸ್ ಬಂಡವಾಳವನ್ನು ಸತ್ತ ಶ್ರಮವೆಂದೂ, ಅದು ಜೀವಂತ ಶ್ರಮವನ್ನು ಹೀರಿಯೇ ಬದುಕುವ ರಕ್ತಪಿಶಾಚಿಯೆಂದೂ ವರ್ಣಿಸಿದ. ರಕ್ತ ಹೀರುವವನು ಮೇಲಿನವನು ಎಂಬ ಚಿತ್ರ ಗಟ್ಟಿಯಾಗುವ ಹೊತ್ತು ಅದು.

ಆದರೆ 1897ರಲ್ಲಿ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಬಂದಾಗ ಭಯ ಮತ್ತೆ ದಿಕ್ಕು ಬದಲಿಸಿತು. ಡ್ರಾಕುಲಾ ದೊರೆಯೇನೋ ಹೌದು, ಆದರೆ ಪೂರ್ವದಿಂದ ಬಂದ ಪರದೇಶಿ. ಲಂಡನ್ನಿನಲ್ಲಿ ಮನೆ ಕೊಂಡು, ಅಲ್ಲಿನ ಹೆಂಗಸರ ರಕ್ತ ಕೆಡಿಸಲು ಬಂದವನು. ಅರ್ಧ ಜಗತ್ತನ್ನು ಹೀರುತ್ತಿದ್ದ ಸಾಮ್ರಾಜ್ಯ, ಪರದೇಶಿಯೊಬ್ಬ ಬಂದು ತನ್ನನ್ನು ಹೀರುತ್ತಾನೆ ಎಂದು ಹೆದರಿಕೊಂಡ ಕಥೆ ಇದು. ಕಾದಂಬರಿಯಲ್ಲಿ ಅವನ ಪೆಟ್ಟಿಗೆ ಹೊರುವವರು ಜಿಪ್ಸಿಗಳು, ಅಂದರೆ ರೋಮಾ ಜನ. ಮೂಲದಲ್ಲಿ ನಮ್ಮ ದೇಶದಿಂದಲೇ ಹೋದ, ಯುರೋಪಿನ ಊರಾಚೆಗೆ ತಳ್ಳಲ್ಪಟ್ಟ ಜನಾಂಗ. ಅವರಿಗೆ ಆ ಪುಸ್ತಕದಲ್ಲಿ ಮುಖವೂ ಇಲ್ಲ, ಮಾತೂ ಇಲ್ಲ. ಪಿಶಾಚಿಯ ಆಳುಗಳು, ಅಷ್ಟೇ.

ಇದು ಬರೀ ಕಥೆಯ ಮಾತಲ್ಲ. ಯಹೂದಿಗಳು ಕ್ರೈಸ್ತ ಮಕ್ಕಳನ್ನು ಕೊಂದು ರಕ್ತ ಬಳಸುತ್ತಾರೆ ಎಂಬ ಆರೋಪ ಮಧ್ಯಯುಗದಿಂದಲೂ ಯುರೋಪಿನಲ್ಲಿತ್ತು. ಆ ಆರೋಪದ ಮೇಲೆ ಊರೂರಲ್ಲಿ ಕೊಲೆಗಳಾದವು. 1934ರಲ್ಲಿ ‘ಡೆರ್ ಸ್ಟ್ಯೂರ್ಮರ್’ ಎಂಬ ನಾಜಿ ಪತ್ರಿಕೆ ಇದೇ ಆರೋಪದ ಮೇಲೆ ವಿಶೇಷ ಸಂಚಿಕೆ ತಂದಿತು. ಮುಂದೆ ಲಕ್ಷಾಂತರ ಯಹೂದಿಗಳ ಜೊತೆ ರೋಮಾ ಜನರೂ ಕೊಲ್ಲಲ್ಪಟ್ಟರು. ಒಬ್ಬನನ್ನು ರಕ್ತ ಕುಡಿಯುವವನು ಎಂದು ಮೊದಲು ಚಿತ್ರಿಸಿದರೆ, ಆಮೇಲೆ ಅವನ ರಕ್ತ ಹರಿಸುವುದು ಪುಣ್ಯದ ಕೆಲಸವಾಗಿಬಿಡುತ್ತದೆ.

2

1972ರಲ್ಲಿ ಅಮೆರಿಕದಲ್ಲಿ ‘ಬ್ಲಾಕುಲಾ’ ಎಂಬ ಸಿನಿಮಾ ಬಂತು. ನಿರ್ದೇಶಕ ವಿಲಿಯಂ ಕ್ರೇನ್ ಕಪ್ಪು ಜನಾಂಗದವನು. ಕಥೆಯಲ್ಲಿ ಆಫ್ರಿಕಾದ ರಾಜಕುಮಾರ ಮಾಮುವಾಲ್ಡೆ ಗುಲಾಮರ ವ್ಯಾಪಾರ ನಿಲ್ಲಿಸಲು ಸಹಾಯ ಮಾಡು ಎಂದು ಡ್ರಾಕುಲಾನ ಬಳಿ ಹೋಗುತ್ತಾನೆ. ಡ್ರಾಕುಲಾ ಅವನನ್ನು ಅವಮಾನಿಸಿ, ಕಚ್ಚಿ, ‘ಬ್ಲಾಕುಲಾ’ ಎಂದು ಹೆಸರಿಟ್ಟು ಶವಪೆಟ್ಟಿಗೆಯಲ್ಲಿ ಕೂಡಿ ಹಾಕುತ್ತಾನೆ. ಕಡಿಮೆ ಖರ್ಚಿನ ಹೆದರಿಸುವ ಸಿನಿಮಾ ಅದು. ಆದರೂ ಅದು ಹೇಳಿದ ಮಾತು ದೊಡ್ಡದು. ಈ ಪಿಶಾಚಿ ಹುಟ್ಟಿನಿಂದ ಪಿಶಾಚಿಯಲ್ಲ. ಅವನನ್ನು ಕಚ್ಚಿದವರಿದ್ದಾರೆ, ಅವನ ಹೆಸರು ಕಿತ್ತುಕೊಂಡು ಬೇರೆ ಹೆಸರಿಟ್ಟವರಿದ್ದಾರೆ. ಅದೇ 1972ರಲ್ಲಿ ಮುಂಬಯಿಯಲ್ಲಿ, ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರಿನಿಂದ ಸ್ಫೂರ್ತಿ ಪಡೆದು ದಲಿತ ಪ್ಯಾಂಥರ್ಸ್ ಹುಟ್ಟಿತು. ಇಟ್ಟ ಹೆಸರನ್ನು ಬಿಟ್ಟು ತಮ್ಮ ಹೆಸರನ್ನು ತಾವೇ ಇಟ್ಟುಕೊಳ್ಳುವ ಕೆಲಸ ಎರಡೂ ಕಡೆ ನಡೆದಿತ್ತು.

ಅದರ ನಂತರ ಚಿತ್ರಣ ಮತ್ತೆ ಹೊರಳಿತು. 1976ರಲ್ಲಿ ಆನ್ ರೈಸ್ ಬರೆದ ಕಾದಂಬರಿಯಲ್ಲಿ ವ್ಯಾಂಪೈರೇ ಕೂತು ತನ್ನ ಕಥೆ, ತನ್ನ ದುಃಖ ಹೇಳಿಕೊಂಡ. 2005ರ ‘ಟ್ವಿಲೈಟ್’ ಹೊತ್ತಿಗೆ ಅವನು ಕಾಲೇಜು ಹುಡುಗಿಯರ ಕನಸಿನ ಹುಡುಗ. ಆ ಕಾದಂಬರಿಯಲ್ಲಿ ಒಂದು ವಿಚಿತ್ರ ಮಾತಿದೆ. ನಾಯಕನ ಮನೆಯವರು ಮನುಷ್ಯರ ರಕ್ತ ಮುಟ್ಟುವುದಿಲ್ಲ, ಕಾಡುಪ್ರಾಣಿಗಳ ರಕ್ತ ಮಾತ್ರ ಕುಡಿಯುತ್ತಾರೆ. ಅದಕ್ಕೆ ತಮ್ಮನ್ನು ತಾವು ತಮಾಷೆಗೆ ‘ಸಸ್ಯಾಹಾರಿಗಳು’ ಎಂದು ಕರೆದುಕೊಳ್ಳುತ್ತಾರೆ. ಅಲ್ಲಿ ತಮಾಷೆ. ನಮ್ಮಲ್ಲಿ ಇದು ತಮಾಷೆಯಲ್ಲ, ಪದ್ಧತಿ. ಏನು ತಿನ್ನುತ್ತೀ ಎಂಬುದರ ಮೇಲೆ ನೀನು ಸಾತ್ವಿಕನೋ ರಾಕ್ಷಸನೋ ಎಂದು ನಿರ್ಧಾರವಾಗುವ ಸಮಾಜ ಇದು. ಯಾರ ದುಡಿಮೆ ತಿಂದೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ.

3

ಈಗ ನಮ್ಮ ಸೀಮೆಗೆ ಬರೋಣ. ಇಂಗ್ಲಿಷಿನ ವ್ಯಾಂಪೈರಿಗೆ ನಮ್ಮ ಬೇತಾಳನನ್ನು ಗಂಟು ಹಾಕಿದವನು ರಿಚರ್ಡ್ ಬರ್ಟನ್. ಬೇತಾಳ ಪಂಚವಿಂಶತಿಯ ಕಥೆಗಳನ್ನು 1870ರಲ್ಲಿ ಇಂಗ್ಲಿಷಿನಲ್ಲಿ ಹೇಳುವಾಗ ಪುಸ್ತಕಕ್ಕೆ ‘ವಿಕ್ರಮ್ ಅಂಡ್ ದ ವ್ಯಾಂಪೈರ್’ ಎಂದು ಹೆಸರಿಟ್ಟ. ಆದರೆ 11ನೇ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲೂ, ನಾವು ಹುಡುಗರಾಗಿದ್ದಾಗ ಓದಿದ ‘ಚಂದಮಾಮ’ದಲ್ಲೂ ಬೇತಾಳ ಮಾಡುವ ಕೆಲಸ ಕಥೆ ಹೇಳುವುದು, ಅರಸನಿಗೆ ನ್ಯಾಯದ ಪ್ರಶ್ನೆ ಕೇಳುವುದು. ಸ್ಮಶಾನದ ಮರದಲ್ಲಿ ನೇತಾಡುವ ಹೆಣವೊಂದು ಅರಸನ ಹೆಗಲೇರಿ ಅವನ ಬುದ್ಧಿಯನ್ನು ಪರೀಕ್ಷಿಸುತ್ತದೆ. ಅರಸನಿಗೆ ಪ್ರಶ್ನೆ ಹಾಕುವ ಈ ಬೇತಾಳನನ್ನು ರಕ್ತ ಹೀರುವವನ ಹೆಸರಿನಿಂದ ಕರೆದದ್ದು ಸಣ್ಣ ಬದಲಾವಣೆಯಲ್ಲ.

ಖಾನಾಪುರದ ಕಾಡು ದಾಟಿ ಘಟ್ಟ ಇಳಿದರೆ ಬೇತಾಳ ದೇವರೇ ಆಗಿದ್ದಾನೆ. ಗೋವಾದ ಪೈಂಗಿಣದಲ್ಲಿ ಅವನ ಗುಡಿಯಿದೆ. ವೆಂಗುರ್ಲಾ ತಾಲೂಕಿನ ಆರವಲಿಯಲ್ಲಿ ಅವನಿಗೆ ವೇತೋಬಾ ಎಂದು ಹೆಸರು. ಭಕ್ತರು ಅವನಿಗೆ ದೊಡ್ಡ ದೊಡ್ಡ ಚರ್ಮದ ಚಪ್ಪಲಿ ಒಪ್ಪಿಸುತ್ತಾರೆ. ರಾತ್ರಿಯೆಲ್ಲ ಊರು ಕಾಯಲು ತಿರುಗಿ ಅವನ ಚಪ್ಪಲಿ ಸವೆಯುತ್ತದೆ ಎಂಬ ನಂಬಿಕೆ. ನೋಡಿ, ರಾತ್ರಿ ಊರು ಕಾಯುವುದು ಯಾರ ಕೆಲಸವಾಗಿತ್ತು? ಈ ಸೀಮೆಯಲ್ಲಿ ಮಹಾರರ, ಹೊಲೆಯರ ಕೆಲಸ. ಚಪ್ಪಲಿ ಹೊಲಿಯುವುದು ಯಾರ ಕೆಲಸ? ಸಮಗಾರರದು. ಊರ ಕಾವಲುಗಾರನನ್ನು ದೇವರು ಮಾಡಿ, ಚಪ್ಪಲಿಯನ್ನು ಗುಡಿಯೊಳಗಿಟ್ಟು ಪೂಜಿಸಿದ ಜನಪದ ಮನಸ್ಸು ಇದು. ಅದೇ ಬೇತಾಳ 2025ರ ‘ಥಾಮಾ’ ಎಂಬ ಹಿಂದಿ ಸಿನಿಮಾದಲ್ಲಿ ಕಾಡಿನಲ್ಲಿ ಗುಂಪಾಗಿ ಬದುಕುವ, ರಕ್ತ ಕುಡಿಯುವ ಕುಲವಾಗಿ ಬಂದ. 1870ರಲ್ಲಿ ಬರ್ಟನ್ ಹಾಕಿದ ಗಂಟು ಇನ್ನೂ ಬಿಚ್ಚಿಲ್ಲ.

4

ನಮ್ಮಲ್ಲಿ ನಿಜವಾಗಿ ರಕ್ತಕ್ಕೆ ಬಾಯಿ ಹಚ್ಚುವ ಮನುಷ್ಯನ ಚಿತ್ರಣ ಎಲ್ಲಿದೆ? ದ್ಯಾಮವ್ವನ ಜಾತ್ರೆಯಲ್ಲಿದೆ. ಉತ್ತರ ಕರ್ನಾಟಕದ ದ್ಯಾಮವ್ವ, ದುರ್ಗವ್ವರ ಜಾತ್ರೆಗಳಲ್ಲಿ ಪೋತರಾಜನೆಂಬವನು ಕುರಿಮರಿಯ ಕುತ್ತಿಗೆಯನ್ನು ಹಲ್ಲಿನಿಂದ ಸೀಳುತ್ತಿದ್ದ. ಇದಕ್ಕೆ ಗಾವು ಎಂದು ಹೆಸರು. ಆ ಪೋತರಾಜ ಕೇರಿಯವನು. ಊರಿನವರು ಸುತ್ತ ನಿಂತು ನೋಡುವವರು. ಬಿಳಿಯ ಅಧಿಕಾರಿಗಳು, ಪಾದ್ರಿಗಳು ಇದನ್ನು ಬೆರಗಿನಿಂದ, ಹೇಸಿಗೆಯಿಂದ ಬರೆದಿಟ್ಟರು. ನಮ್ಮ ಸುಧಾರಕರು ನಾಚಿಕೆಯಿಂದ ಬರೆದರು. ಎಲ್ಲರ ಕಣ್ಣೂ ಪೋತರಾಜನ ಬಾಯಿಯ ಮೇಲೆ.

ಆದರೆ ಈ ಆಚರಣೆಯ ಹಿಂದಿರುವ ಕಥೆ ಏನು? ಅದನ್ನು ಊರಿನ ಮುದುಕಿಯರೆಲ್ಲ ಬಲ್ಲರು. ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ ಗ್ರಾಮದೇವತೆಗಳ ಬಗ್ಗೆ 1916ರಲ್ಲಿ ತಂದ ಪುಸ್ತಕದಲ್ಲೂ ಇಂಥ ಕಥೆಯಿದೆ. ಹೊಲೆಯರ ಹುಡುಗನೊಬ್ಬ ಜಾತಿ ಮರೆಸಿ, ವಿದ್ಯೆ ಕಲಿತು, ಬ್ರಾಹ್ಮಣರ ಹುಡುಗಿಯನ್ನು ಮದುವೆಯಾಗುತ್ತಾನೆ. ಮಕ್ಕಳಾಗುತ್ತವೆ. ಒಂದು ದಿನ ಅವನ ತಾಯಿ ಮನೆಗೆ ಬರುತ್ತಾಳೆ. ಸೊಸೆ ಸಿಹಿ ಬಡಿಸುತ್ತಾಳೆ. ತಿನ್ನುತ್ತ ಆ ತಾಯಿ, ಇದು ಎಮ್ಮೆಯ ನಾಲಿಗೆಯ ಹಾಗಿದೆ ಎಂದುಬಿಡುತ್ತಾಳೆ. ಗುಟ್ಟು ರಟ್ಟಾಗುತ್ತದೆ. ಹೆಂಡತಿ ಸಿಟ್ಟಿನಿಂದ ಮಾರಿಯಾಗುತ್ತಾಳೆ, ಗಂಡನನ್ನು ಕೊಲ್ಲುತ್ತಾಳೆ. ಅವನು ಕೋಣವಾಗಿ ಹುಟ್ಟುತ್ತಾನೆ, ಮಕ್ಕಳು ಕುರಿಮರಿಗಳಾಗುತ್ತಾರೆ. ಪ್ರತಿ ಜಾತ್ರೆಯಲ್ಲೂ ಅವರನ್ನು ಮತ್ತೆ ಮತ್ತೆ ಕಡಿಯಲಾಗುತ್ತದೆ.

ಈಗ ಹೇಳಿ, ಯಾರ ರಕ್ತ ಯಾರು ಕುಡಿದರು? ಕಡಿಸಿಕೊಂಡ ಕೋಣ ದಲಿತ. ಅವನ ಮಕ್ಕಳು ಕುರಿಮರಿ. ಆ ಮರಿಯ ಕುತ್ತಿಗೆ ಕಚ್ಚಬೇಕಾದವನೂ ದಲಿತನೇ. ತನ್ನ ಕುಲದ ಕೊಲೆಯನ್ನು ತನ್ನ ಹಲ್ಲಿನಿಂದಲೇ ಮಾಡಿ ತೋರಿಸಬೇಕು, ಅದನ್ನು ನೋಡಿ ಊರು ಅವನನ್ನು ರಾಕ್ಷಸ ಅನ್ನಬೇಕು. ಜಾತಿ ಮೀರಿ ಮದುವೆಯಾದವನಿಗೆ ಏನಾಗುತ್ತದೆ ಎಂದು ಊರಿಗೆಲ್ಲ ಕಲಿಸುವ ಪಾಠ ಇದು. ಇವತ್ತು ಮರ್ಯಾದೆ ಹತ್ಯೆಯ ಸುದ್ದಿ ಬಂದಾಗಲೆಲ್ಲ ನನಗೆ ಈ ಕೋಣ ನೆನಪಾಗುತ್ತದೆ.

1959ರಲ್ಲಿ ಪ್ರಾಣಿಬಲಿ ತಡೆಯುವ ಕಾನೂನು ಬಂತು. 2017ರಲ್ಲಿ ಶಾಸನಸಭೆ ಒಪ್ಪಿ, 2020ರಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧದ ಕಾಯ್ದೆಯ ಪಟ್ಟಿಯಲ್ಲಿ, ಪ್ರಾಣಿಯ ಕುತ್ತಿಗೆ ಕಚ್ಚಿ ಕೊಲ್ಲುವ ಗಾವು ಕೂಡ ಸೇರಿದೆ. ಬೇಕಾದದ್ದೇ. ಕೇರಿಯವರೂ ಈ ಊಳಿಗವನ್ನು ಬಿಡಬೇಕು. ಸತ್ತ ದನದ ಮಾಂಸ ಬಿಡಿ, ಹೀನ ಕೆಲಸ ಬಿಡಿ ಎಂದು ಬಾಬಾಸಾಹೇಬರು 1927ರಲ್ಲಿ ಮಹಾಡದಲ್ಲಿ ಹೇಳಿದ್ದೂ ಇದನ್ನೇ. ಆದರೆ ಕಾನೂನು ಪೋತರಾಜನ ಬಾಯಿಯನ್ನು ಹಿಡಿಯಬಲ್ಲದು, ಆ ಬಾಯಿಗೆ ಮರಿಯ ಕುತ್ತಿಗೆ ಇಟ್ಟ ಕಥೆಯನ್ನು ಹಿಡಿಯಲಾರದು. ಅದನ್ನು ಹಿಡಿಯುವುದು ವಿಮರ್ಶೆಯ ಕೆಲಸ.

ಇನ್ನೊಂದು ಕಡೆ ನೋಡಿ. ಕುರುಕ್ಷೇತ್ರದಲ್ಲಿ ಭೀಮ ದುಶ್ಶಾಸನನ ಎದೆ ಬಗೆದು ರಕ್ತ ಕುಡಿಯುತ್ತಾನೆ. ದೇವೀಮಹಾತ್ಮೆಯಲ್ಲಿ ಕಾಳಿ ರಕ್ತಬೀಜಾಸುರನ ರಕ್ತ ನೆಲಕ್ಕೆ ಬೀಳದ ಹಾಗೆ ಹೀರುತ್ತಾಳೆ. ಅಲ್ಲಿ ಅದು ಪ್ರತಿಜ್ಞೆ, ಅದು ಲೋಕರಕ್ಷಣೆ. ನಮ್ಮ ಮುಧೋಳ ಸೀಮೆಯ ರನ್ನ ‘ಗದಾಯುದ್ಧ’ದ ನಾಯಕನನ್ನಾಗಿ ಆರಿಸಿಕೊಂಡದ್ದು ಇದೇ ಭೀಮನನ್ನು. ಕ್ಷತ್ರಿಯ ಕುಡಿದರೆ ವೀರ, ದೇವಿ ಕುಡಿದರೆ ಲೀಲೆ, ಪೋತರಾಜ ಕುಡಿದರೆ ಅನಾಗರಿಕತೆ. ಅಸುರರನ್ನು ಬೇರೆ ರೀತಿ ಓದಬೇಕು ಎಂದು ಜೋತಿಬಾ ಫುಲೆ 1873ರ ‘ಗುಲಾಮಗಿರಿ’ಯಲ್ಲೇ ತೋರಿಸಿದ್ದರು. ರಾಕ್ಷಸ ಅಂದರೆ ರಕ್ಷಿಸುವವನು, ಈ ನೆಲವನ್ನು ಕಾದವನು ಎಂದು ಅವರು ಅರ್ಥ ಬಿಡಿಸಿದರು. ಆ ನಿರುಕ್ತಿ ಭಾಷಾಶಾಸ್ತ್ರಕ್ಕೆ ಒಪ್ಪುತ್ತದೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಹೆಸರಿಡುವ ಹಕ್ಕನ್ನು ಅವರು ಕಸಿದುಕೊಂಡದ್ದು ಮುಖ್ಯ.

5

ಇನ್ನೊಂದು ಹೋಲಿಕೆ ನನ್ನನ್ನು ಬಹಳ ದಿನದಿಂದ ಕಾಡಿದೆ. ಪಿಶಾಚಿಯ ಲಕ್ಷಣಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅದು ಸ್ಮಶಾನದ ಹತ್ತಿರ ಇರುತ್ತದೆ. ಸತ್ತವರ ಬಟ್ಟೆ ತೊಟ್ಟಿರುತ್ತದೆ. ಹೊತ್ತುಗೊತ್ತಿನ ಕಟ್ಟಿದೆ. ಮುಟ್ಟಿದರೆ ಮುಟ್ಟಿಸಿಕೊಂಡವನು ಕೆಡುತ್ತಾನೆ. ಸ್ಟೋಕರನ ಕಾದಂಬರಿಯಲ್ಲಿ ವ್ಯಾಂಪೈರ್ ಮನೆಯವರು ಕರೆಯದೆ ಹೊಸ್ತಿಲು ದಾಟಲಾರ. ನಮ್ಮಲ್ಲೂ ದೆವ್ವ ಬಂದು ಬಾಗಿಲು ಬಡಿಯುತ್ತದೆಂದು ಹೆದರಿ ಊರೂರಲ್ಲಿ ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದ ಕಾಲವಿತ್ತು.

ಈಗ ಮನುಸ್ಮೃತಿಯ ಹತ್ತನೆಯ ಅಧ್ಯಾಯ ತೆಗೆಯಿರಿ. ಚಂಡಾಲ ಊರ ಹೊರಗಿರಬೇಕು. ಹೆಣದ ಮೇಲಿನ ಬಟ್ಟೆ ಉಡಬೇಕು. ಒಡೆದ ಪಾತ್ರೆಯಲ್ಲಿ ಉಣ್ಣಬೇಕು. ರಾತ್ರಿ ಊರಲ್ಲಿ ತಿರುಗಕೂಡದು. 1936ರ ‘ಜಾತಿ ವಿನಾಶ’ದಲ್ಲಿ ಬಾಬಾಸಾಹೇಬರು ಪೇಶ್ವೆಗಳ ಕಾಲ ನೆನಪಿಸುತ್ತಾರೆ. ಅಸ್ಪೃಶ್ಯನ ನೆರಳು ಬಿದ್ದರೂ ಮೈಲಿಗೆ. ಪುಣೆಯಲ್ಲಿ ಅವನು ತನ್ನ ಹೆಜ್ಜೆ ಗುಡಿಸಲು ಸೊಂಟಕ್ಕೆ ಕಸಬರಿಗೆ, ಉಗುಳಲು ಕೊರಳಿಗೆ ಗಡಿಗೆ ಕಟ್ಟಿಕೊಳ್ಳಬೇಕಿತ್ತು. ಹೊಸ್ತಿಲಿನ ಮಾತಂತೂ ಹೇಳುವುದೇ ಬೇಡ. ‘ನಾಳೆ ಬಾ’ ಎಂದು ಕೇರಿಯವರಿಗೆ ಎಷ್ಟು ತಲೆಮಾರು ಹೇಳಿಲ್ಲ!

ಎರಡು ಹಾಳೆಗಳನ್ನು ಪಕ್ಕದಲ್ಲಿಟ್ಟರೆ ಅವು ಬಹುಪಾಲು ಒಂದೇ ಆಗಿವೆ. ಒಂದನ್ನು ನಾವು ಕಲ್ಪನೆ ಅನ್ನುತ್ತೇವೆ, ಇನ್ನೊಂದನ್ನು ಶಾಸ್ತ್ರ ಅಂದರು. ಹರಿಶ್ಚಂದ್ರ ಒಂದಷ್ಟು ಕಾಲ ವೀರಬಾಹುಕನ ಆಳಾಗಿ ಸ್ಮಶಾನ ಕಾದದ್ದು ರಾಘವಾಂಕನ ಕಾವ್ಯದಲ್ಲಿ ಸತ್ಯದ ಪರೀಕ್ಷೆಯಾಯಿತು. ತಲೆತಲಾಂತರ ಕಾದವರಿಗೆ ಅದು ಕರ್ಮವಾಯಿತು. ಸದಾಶಿವನಗರದ ಸ್ಮಶಾನದ ಪ್ರಶ್ನೆಯೂ ಇದೇ.

6

ಹಾಗಾದರೆ ದಲಿತರು ತಾವೇ ಬರೆದಾಗ ಈ ಚಿತ್ರ ಹೇಗೆ ಬದಲಾಯಿತು? 1855ರಲ್ಲಿ, ಫುಲೆ ದಂಪತಿಗಳ ಪುಣೆಯ ಶಾಲೆಯಲ್ಲಿ ಓದುತ್ತಿದ್ದ ಮಾಂಗ ಜಾತಿಯ 14 ವರ್ಷದ ಹುಡುಗಿ ಮುಕ್ತಾಬಾಯಿ ಒಂದು ಪ್ರಬಂಧ ಬರೆದಳು. ಮಾಂಗ ಮಹಾರರಿಗೆ ಸಿಂಧೂರ ಕಲಸಿದ ಎಣ್ಣೆ ಕುಡಿಸಿ, ದೊಡ್ಡವರ ಕಟ್ಟಡಗಳ ಬುನಾದಿಯಲ್ಲಿ ಹೂಳುತ್ತಿದ್ದರು ಎಂದು ಅದರಲ್ಲಿ ಬರೆದಿದ್ದಾಳೆ. ಬೆಳಗಾವಿಯ ಕೋಟೆಯ ಕಂದಕದ ಬದಿಗೆ ನಡೆಯುವಾಗಲೆಲ್ಲ ನನಗೆ ಈ ಹುಡುಗಿಯ ನೆನಪಾಗುತ್ತದೆ. ಈ ಕೋಟೆಯಲ್ಲಿ ಹಾಗಾಯಿತು ಎಂದು ನಾನು ಹೇಳುತ್ತಿಲ್ಲ. ಕೋಟೆ ಅಂದಕೂಡಲೆ ರಟ್ಟರ ಹೆಸರು, 1204ರ ಕಮಲ ಬಸದಿ, ಕಲ್ಲಿನ ಕುಸುರಿ ಇವು ಇತಿಹಾಸದ ಪುಸ್ತಕಕ್ಕೆ ಬರುತ್ತವೆ. ಕಲ್ಲು ಹೊತ್ತವರು ಬರುವುದಿಲ್ಲ. ಡ್ರಾಕುಲಾ ಕೋಟೆಯೊಳಗಿದ್ದ ಎಂದು ಯುರೋಪು ಬರೆಯಿತು. ಕೋಟೆಯ ಗೋಡೆಯೇ ನೆತ್ತರು ಕುಡಿಯುತ್ತದೆ ಎಂದು ಮುಕ್ತಾಬಾಯಿ ಅದಕ್ಕಿಂತ 42 ವರ್ಷ ಮೊದಲೇ ಬರೆದಿದ್ದಳು.

ಕನ್ನಡದಲ್ಲಿ ಸಿದ್ಧಲಿಂಗಯ್ಯನವರ ‘ಊರುಕೇರಿ’ ಓದಿ. ಶ್ರೀರಾಮಪುರದಲ್ಲಿ ಬೆಳೆದ ಹುಡುಗನಿಗೆ ಸ್ಮಶಾನ ಹೆದರುವ ಜಾಗವಲ್ಲ, ಕೂತು ಓದುವ, ವಿರಮಿಸುವ ಜಾಗ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ರಾತ್ರಿ ಮನೆಮನೆಯ ದೀಪದ ಜೋತಮ್ಮಗಳು ಕೂಡಿ ಕಷ್ಟಸುಖ ಮಾತಾಡಿಕೊಳ್ಳುತ್ತವೆ. ರಾತ್ರಿ ಓಡಾಡುವ ಈ ಶಕ್ತಿಗಳು ಯಾರ ರಕ್ತವನ್ನೂ ಹೀರುವುದಿಲ್ಲ. ಮೇಲ್ಜಾತಿಯ ಕುಸುಮಳನ್ನು ಪ್ರೀತಿಸಿ ಕೊಲೆಯಾದ ಚನ್ನನ ಕಥೆ ಅದು. ದ್ಯಾಮವ್ವನ ಕಥೆಯನ್ನು ಕೋಣನ ಕಡೆಯಿಂದ ಹೇಳಿದರೆ ಅದು ‘ಕುಸುಮಬಾಲೆ’ಯಾಗುತ್ತದೆ ಎಂದು ನನ್ನ ಓದು.

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಬಂಡಾಯದ ಕಾಲದಲ್ಲಿ ನಾವು ಬರೆದ ಎಷ್ಟೋ ಪದ್ಯಗಳಲ್ಲಿ, ಬೀದಿನಾಟಕಗಳಲ್ಲಿ ಧಣಿಗೆ ಕೋರೆಹಲ್ಲು ಹಚ್ಚಿದೆವು. ರಕ್ತ ಹೀರುವ ಜಿಗಣೆ, ರಕ್ತಪಿಪಾಸು ಎಂಬ ಮಾತು ಸವೆದು ನಾಣ್ಯದಂತಾಯಿತು. ಅವರು ನಮಗೆ ಹಚ್ಚಿದ ಹಲ್ಲನ್ನು ಕಿತ್ತು ಅವರ ಬಾಯಿಗೆ ಇಟ್ಟೆವು, ಅಷ್ಟೇ. ನೋಡುವವರು ಚಪ್ಪಾಳೆ ತಟ್ಟಿ ಮನೆಗೆ ಹೋದರು. ಯಾಕಂದರೆ ಅವರ ಊರಿನ ಧಣಿಗೆ ಕೋರೆಹಲ್ಲು ಇರಲಿಲ್ಲ. ಅವನು ನಗುತ್ತ ಮಾತಾಡಿಸುತ್ತಿದ್ದ, ಕಷ್ಟಕ್ಕೆ ಸಾಲ ಕೊಡುತ್ತಿದ್ದ, ಖಾತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಖಾನಾಪುರದ ಕಾಡಿನಲ್ಲಿ ಮಳೆಗಾಲಕ್ಕೆ ತಿರುಗಿದವರಿಗೆ ಗೊತ್ತು, ಇಂಬಳ ಕಚ್ಚುವಾಗ ನೋವಾಗುವುದಿಲ್ಲ. ನೋವಾಗದಂತೆ ಕಚ್ಚುವುದೇ ಅದರ ಕಸುಬು. ಜಾತಿಯನ್ನು ಬರೆಯುವವರು ಈ ನೋವಿಲ್ಲದ ಕಡಿತವನ್ನು ಬರೆಯಲು ಕಲಿಯಬೇಕು.

ಆದ್ದರಿಂದ ಗೆಳೆಯರೆ, ಮುಂದೆ ಯಾವ ಪುಸ್ತಕದಲ್ಲಾಗಲಿ, ಸಿನಿಮಾದಲ್ಲಾಗಲಿ, ಜಾತ್ರೆಯಲ್ಲಾಗಲಿ ರಕ್ತ ಕುಡಿಯುವವನ ಚಿತ್ರ ಕಂಡರೆ ಬಾಯಿಯನ್ನಷ್ಟೇ ನೋಡಬೇಡಿ. ಅವನಿಗೆ ಹೆಸರಿಟ್ಟವರು ಯಾರು, ಅವನನ್ನು ಊರಾಚೆ ಇಟ್ಟವರು ಯಾರು, ಬಟ್ಟಲಲ್ಲಿರುವ ನೆತ್ತರು ಯಾರದು ಎಂದು ಕೇಳಿ. ಮತ್ತೆ ಡಿಸೆಂಬರ್ 6 ಬಂದಾಗ ಸ್ಮಶಾನಕ್ಕೆ ಹೋಗುವವರು ಖಂಡಿತ ಹೋಗಲಿ. ಅಲ್ಲಿ ದೆವ್ವ ಇಲ್ಲ ಎಂದು ಸಾರಲಿ. ಅದರ ಜೊತೆಗೆ, ಕುಣಿ ತೋಡುವ ಆ ಮನುಷ್ಯನ ಪಕ್ಕ ಕೂತು ಅವನ ಹೆಸರು ಕೇಳಲಿ, ಅವನ ಪಗಾರ ಎಷ್ಟು, ಮಕ್ಕಳು ಯಾವ ಸಾಲಿಗೆ ಹೋಗುತ್ತಾರೆ, ಸತ್ತರೆ ಅವನ ಜನಕ್ಕೆ ಊರಲ್ಲಿ ಹೂಳಲು ಜಾಗ ಇದೆಯೋ ಇಲ್ಲವೋ ಕೇಳಲಿ. ‘ದೆವ್ವ ಇಲ್ಲ ಅನ್ನೂದು ನಮಗ ಮೊದ್ಲಿಂದ ಗೊತ್ತೈತ್ರೀ’ ಎಂದು ಅವನು ನಕ್ಕರೂ ನಗಬಹುದು. ಮಾತು ಶುರುವಾಗಬೇಕಾದದ್ದು ಅಲ್ಲಿಂದ.